ಕಥೆಯ ಹೊತ್ತಿನಲ್ಲಿ ಪೋಷಕರು ಎಲ್ಲಿ ಕೂರುತ್ತಾರೆ? ಬೆಂಗಳೂರಿನಲ್ಲಿ ಮಗುವಿನ ಮೊದಲ ಓದಿಗೆ ನಾಲ್ಕು ದಾರಿಗಳ ಹೋಲಿಕೆ

ಒಂದನೇ ತರಗತಿಗೆ ಕಾಲಿಡುವ ಮುನ್ನವೇ ಮಗುವಿಗೆ ಓದಿನ ರುಚಿ ಹತ್ತಲಿ ಎಂದು ಬಯಸುವವರಿಗೆ ಬೆಂಗಳೂರಿನಲ್ಲಿ ದಾರಿಗಳಿಗೆ ಬರವಿಲ್ಲ. ತಿಂಗಳ ಶುಲ್ಕ ಪಡೆದು ವಾರಾಂತ್ಯದಲ್ಲಿ ಕಥಾ ಸಮಯ ನಡೆಸುವ ಖಾಸಗಿ ಮಕ್ಕಳ ಗ್ರಂಥಾಲಯಗಳಿವೆ. ಸರ್ಕಾರದ ಸಾರ್ವಜನಿಕ ಗ್ರಂಥಾಲಯಗಳಿವೆ. ಬಡಾವಣೆಗಳಲ್ಲಿ ಯಾರದೋ ಮನೆಯ ವರಾಂಡದಲ್ಲಿ ಸದ್ದಿಲ್ಲದೆ ನಡೆಯುವ ಓದಿನ ಕೂಟಗಳಿವೆ. ಇವೆಲ್ಲಕ್ಕೂ ಪೈಪೋಟಿ ಕೊಡಲು ಮನೆಯ ನೆಲ, ಒಂದಿಷ್ಟು ಸೀಮೆಸುಣ್ಣ ಮತ್ತು ಬಿಡುವಿರುವ ಒಬ್ಬ ಹಿರಿಯರು ಇದ್ದೇ ಇದ್ದಾರೆ. ನನ್ನ ಮಗಳು ಎಲ್‌ಕೆಜಿ ಸೇರಿದಂದಿನಿಂದ ಯುಕೆಜಿ ಮುಗಿಸುವವರೆಗೆ ಈ ನಾಲ್ಕನ್ನೂ ನಾವು ಪ್ರಯತ್ನಿಸಿ ನೋಡಿದ್ದೇವೆ. ನಾವಿರುವುದು ಬನಶಂಕರಿಯ ಕಡೆ, ಮನೆಮಾತು ಕನ್ನಡ, ಅವಳ ಶಾಲೆ ಇಂಗ್ಲಿಷ್ ಮಾಧ್ಯಮದ್ದು. ಮನೆಮಾತು ಬೇರೆಯಾಗಿರುವವರಿಗೆ ಇಲ್ಲಿನ ಒಂದೆರಡು ತೀರ್ಮಾನಗಳು ತಲೆಕೆಳಗಾಗಿ ಕಂಡರೆ ಆಶ್ಚರ್ಯವಿಲ್ಲ.

ಇಂಥ ಜಾಗಗಳನ್ನು ಅಳೆಯುವಾಗ ಸಾಮಾನ್ಯವಾಗಿ ಪುಸ್ತಕಗಳ ಸಂಖ್ಯೆ, ಕಥೆ ಹೇಳುವವರ ಅಭಿನಯ, ಕೋಣೆಯ ಅಂದಚಂದ ಇವುಗಳ ಮಾತು ಬರುತ್ತದೆ. ನಾನು ಮುಖ್ಯವಾಗಿ ಗಮನಿಸಿದ್ದು ಮಗುವನ್ನು ಕರೆತಂದ ದೊಡ್ಡವರು ಕಥೆಯ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂಬುದನ್ನು. ಇದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ತರಬೇತಿ ಪಡೆದವರು ಪೋಷಕರು: ಚಿತ್ರಪುಸ್ತಕ ಓದುವಾಗ ‘ಹೌದು’, ‘ಅಲ್ಲ’ ಎಂದು ಮುಗಿದುಹೋಗುವ ಪ್ರಶ್ನೆಗಳನ್ನು ಬಿಟ್ಟು ‘ಇಲ್ಲೇನು ನಡೆಯುತ್ತಿದೆ?’ ಎಂಬಂಥ ಪ್ರಶ್ನೆಗಳನ್ನು ಕೇಳುವುದು, ಮಗು ಆಡಿದ ಮಾತಿಗೆ ಇನ್ನೆರಡು ಪದ ಸೇರಿಸಿ ಅದಕ್ಕೇ ಹಿಂದಿರುಗಿಸುವುದು, ಇಷ್ಟನ್ನು ಅವರಿಗೆ ಕಲಿಸಲಾಯಿತು. ಮಾಮೂಲಿನಂತೆ ಓದಿ ಹೇಳಿದವರ ಮಕ್ಕಳಿಗಿಂತ ಇವರ ಮಕ್ಕಳು ಮಾತಿನಲ್ಲಿ ಮುಂದಾದರು. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಬಳಸುವ ‘ಎವ್ರಿ ಚೈಲ್ಡ್ ರೆಡಿ ಟು ರೀಡ್’ ಕಾರ್ಯಕ್ರಮವು 2011ರ ಎರಡನೇ ಆವೃತ್ತಿಯಲ್ಲಿ ಮಾತು, ಹಾಡು, ಓದು, ಬರಹ, ಆಟ ಎಂಬ ಐದು ಅಭ್ಯಾಸಗಳನ್ನು ಮುಂದಿಟ್ಟಾಗಲೂ ಅದು ಉದ್ದೇಶಿಸಿದ್ದು ಮನೆಯ ದೊಡ್ಡವರನ್ನೇ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ನಡೆಯುವ ಕಥೆಯಿಂದ ಮಗುವಿಗೆ ಎಷ್ಟು ದಕ್ಕೀತು? ಆ ಮುಕ್ಕಾಲು ಗಂಟೆಯಲ್ಲಿ ಅಪ್ಪನೋ ಅಮ್ಮನೋ ಅಜ್ಜಿಯೋ ಓದಿ ಹೇಳುವ ಬಗೆಯನ್ನು ಕಲಿತರೆ ಉಳಿದ ಆರು ದಿನಗಳೂ ಮಗುವಿನ ಪಾಲಿಗೆ ಬರುತ್ತವೆ.

ನಾವು ಸದಸ್ಯರಾದ ಖಾಸಗಿ ಗ್ರಂಥಾಲಯ ಹಳೆಯ ಬಂಗಲೆಯೊಂದರ ನೆಲಮಹಡಿಯಲ್ಲಿತ್ತು. ಪುಸ್ತಕಗಳ ಆಯ್ಕೆಯಲ್ಲಿ ಅದಕ್ಕೆ ಸಾಟಿಯಾದದ್ದನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಮಗುವಿನ ಎದೆಯ ಮಟ್ಟದ ಕಪಾಟುಗಳಲ್ಲಿ ಮುಖಪುಟ ಕಾಣುವಂತೆ ಪುಸ್ತಕ ಜೋಡಿಸಿದ್ದರಿಂದ ಓದಲು ಬಾರದ ಮಗುವೂ ತನ್ನ ಪುಸ್ತಕವನ್ನು ತಾನೇ ಆರಿಸಿಕೊಳ್ಳಬಹುದಿತ್ತು. ಆಮದಾದ ಇಂಗ್ಲಿಷ್ ಚಿತ್ರಪುಸ್ತಕ ಒಂದಕ್ಕೇ ಮುನ್ನೂರು ನಾನೂರು ರೂಪಾಯಿ ತೆರಬೇಕಾದ ಕಾಲದಲ್ಲಿ, ಎರವಲಿಗಾಗಿ ಮಾತ್ರ ಸೇರಿದರೂ ಶುಲ್ಕ ದುಬಾರಿಯೆನಿಸುವುದಿಲ್ಲ. ನನ್ನ ತಕರಾರಿರುವುದು ಕಥಾ ಸಮಯದ ಬಗ್ಗೆ. ಪೋಷಕರಿದ್ದರೆ ಮಕ್ಕಳ ಗಮನ ಚದುರುತ್ತದೆಂಬ ಕಾರಣ ಕೊಟ್ಟು ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಒಳಗೆ ಕಥೆ ಬೇಗ ಮುಗಿದು ಉಳಿದ ಸಮಯವೆಲ್ಲ ಕ್ರಾಫ್ಟಿಗೆ ಹೋಗುತ್ತಿತ್ತು. ಕುರಿಯ ಕಥೆಯಿದ್ದ ದಿನ ಹಿಂದಿರುಗುವಾಗ ಆಟೋದಲ್ಲಿ ಮಗಳನ್ನು ಕೇಳಿದೆ.

“ಇವತ್ತು ಏನು ಕಥೆ ಪುಟ್ಟಿ?”

“ಕುರಿಗೆ ಹತ್ತಿ ಅಂಟಿಸಿದ್ವಿ ಅಪ್ಪ.”

“ಸರಿ, ಆ ಕುರಿಗೆ ಏನಾಯ್ತು?”

“ಅದು ಒಣಗ್ಬೇಕಂತೆ. ಮುಟ್ಬಾರ್ದಂತೆ.”

ಕಥೆ ಹೇಳಿದವರು ಪಳಗಿದ ಕೈಯವರೆಂಬುದರಲ್ಲಿ ಅನುಮಾನವಿಲ್ಲ. ಕಿಟಕಿಯಿಂದ ಕೇಳಿಸುತ್ತಿದ್ದ ಅವರ ದನಿಯ ಏರಿಳಿತಕ್ಕೆ ಬೆಂಚಿನ ಮೇಲಿದ್ದ ನಾವೂ ಕಿವಿಗೊಡುತ್ತಿದ್ದೆವು. ಆದರೆ ಗುಂಪು ದೊಡ್ಡದಾದ್ದರಿಂದ ಪ್ರಶ್ನೆ ಕೇಳಿದೊಡನೆ ಪ್ರತಿ ವಾರವೂ ಅದೇ ಇಬ್ಬರು ಮೂವರು ಚುರುಕು ಮಕ್ಕಳು ಉತ್ತರ ಕೊಟ್ಟುಬಿಡುತ್ತಿದ್ದರು. ಕನ್ನಡದ ಕಥೆ ಬರುತ್ತಿದ್ದುದು ಅಪರೂಪಕ್ಕೆ, ಅದೂ ನವೆಂಬರಿನಲ್ಲಿ ಹೆಚ್ಚು.

ಎರಡನೆಯದು ನಮ್ಮ ಬಡಾವಣೆಯಲ್ಲೇ ಇರುವ ವರಾಂಡ. ಸರ್ಕಾರಿ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಶಿಕ್ಷಕಿಯೊಬ್ಬರು ಅಲ್ಲಿ ಭಾನುವಾರ ಬೆಳಗ್ಗೆ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. ಅಜ್ಜಿಯ ವಯಸ್ಸಿನವರಾದರೂ ಮಕ್ಕಳು, ಪೋಷಕರು, ಹಾಲಿನವರು ಎಲ್ಲರೂ ಅವರನ್ನು ಕರೆಯುವುದು ‘ಮಿಸ್’ ಎಂದೇ. ಶುಲ್ಕವಿಲ್ಲ, ಆದರೆ ಷರತ್ತೊಂದಿದೆ: ಕರೆತಂದವರು ಮಗುವಿನ ಹಿಂದೆ ಚಾಪೆಯ ಮೇಲೆ ಕೂರಲೇಬೇಕು, ಮೊಬೈಲನ್ನು ಚೀಲದಲ್ಲಿಡಬೇಕು. ಇಡೀ ಬೆಳಗಿಗೆ ಒಂದೇ ಪುಸ್ತಕ. ಮೊದಲ ಸಲ ಪುಟ ತಿರುಗಿಸುತ್ತ ಚಿತ್ರಗಳ ಬಗ್ಗೆ ಮಾತ್ರ ಮಾತು, ಎರಡನೇ ಸಲ ಸಾಲುಗಳ ಕೆಳಗೆ ಬೆರಳಾಡಿಸುತ್ತ ಓದು, ಮೂರನೇ ಸಲ ಪುಸ್ತಕ ಮಕ್ಕಳ ಕೈಗೆ ಹೋಗಿ ಕಥೆ ಹೇಳುವ ಸರದಿ ಅವರದು. ಬೆಕ್ಕೊಂದು ಮುನಿಸಿಕೊಂಡು ಕೂತ ಚಿತ್ರವನ್ನು ತೋರಿಸಿ ಅವರು ನನ್ನ ಮಗಳನ್ನು, “ಇದ್ಯಾಕಮ್ಮ ಮುಖ ಊದಿಸ್ಕೊಂಡಿದೆ?” ಎಂದು ಕೇಳಿದರು. ಅವಳು ಸುಮ್ಮನಿದ್ದಳು. ನಾನು ಹಿಂದಿನಿಂದ ಪಿಸುಗುಟ್ಟಲು ಬಾಗುತ್ತಿದ್ದಂತೆ ಅವರು ಬೆರಳೆತ್ತಿ, “ನೀವು ಸ್ವಲ್ಪ ಸುಮ್ನಿರಿ, ಅವಳು ಹೇಳ್ತಾಳೆ,” ಎಂದರು. ಬಹಳ ಹೊತ್ತಿನಂತೆ ತೋರಿದ ಆ ಮೌನದ ಕೊನೆಗೆ ಮಗಳು, “ಅದರ ಹಾಲು ನಾಯಿಗೆ ಹಾಕಿದ್ದಾರೆ,” ಎಂದಳು. ಪುಸ್ತಕದಲ್ಲಿ ನಾಯಿಯೇ ಇರಲಿಲ್ಲ. “ಓಹೋ, ತನ್ನ ಪಾಲಿನ ಹಾಲನ್ನ ನಾಯಿಗೆ ಹಾಕ್ಬಿಟ್ರು ಅಂತ ಬೆಕ್ಕಿಗೆ ಕೋಪ ಬಂದಿದೆ,” ಎಂದು ಮಿಸ್ ಅದನ್ನೇ ಹಿಗ್ಗಿಸಿ ಹೇಳಿ ಪುಟ ತಿರುಗಿಸಿದರು. ವೈಟ್‌ಹರ್ಸ್ಟರ ಹೆಸರನ್ನು ಅವರು ಕೇಳಿರಬೇಕೆಂದೇನಿಲ್ಲ.

ಈ ವರಾಂಡಕ್ಕೂ ಕುಂದುಗಳುಂಟು. ಪುಸ್ತಕಗಳು ಹಳೆಯವು, ಕೆಲವಕ್ಕೆ ಬೆನ್ನೇ ಉಳಿದಿಲ್ಲ. ಮಿಸ್ ಮಗನ ಊರಿಗೆ ಹೋದರೆ ವಾರಗಟ್ಟಲೆ ಬಾಗಿಲು ಹಾಕಿರುತ್ತದೆ. ಇಂಗ್ಲಿಷ್ ಪುಸ್ತಕ ಬೇಕೆಂದರೆ ಅಲ್ಲಿ ಸಿಗುವುದಿಲ್ಲ. ಇಂಥ ಕೂಟಗಳು ಒಬ್ಬರ ಹುಮ್ಮಸ್ಸಿನ ಮೇಲೆ ನಿಂತಿರುವುದರಿಂದ ಎಲ್ಲ ಬಡಾವಣೆಗಳಲ್ಲೂ ಅವು ಸಿಗುತ್ತವೆಂದು ನಂಬಿ ಹೊರಡುವಂತಿಲ್ಲ.

ಸಾರ್ವಜನಿಕ ಗ್ರಂಥಾಲಯವನ್ನು ಜನ ಈ ಪಟ್ಟಿಯಲ್ಲಿ ಕೊನೆಗೆ ಇಡುತ್ತಾರೆ, ಅದು ನನಗೆ ಸರಿಕಾಣುವುದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವೂ ಸೇರಿರುವುದರಿಂದ ಇದರ ಶುಲ್ಕವನ್ನು ನಾವು ಆಗಲೇ ಕಟ್ಟಿದ್ದೇವೆ. ನಾವು ಹೋಗಿ ನೋಡಿದ ಶಾಖೆಯೊಂದರಲ್ಲಿ ಮಕ್ಕಳ ಪುಸ್ತಕಗಳ ಬೀರುವಿಗೆ ಬೀಗವಿತ್ತು, ಮಗು ಜೋರಾಗಿ ಒಂದು ಪದ ಓದಿದೊಡನೆ ಪತ್ರಿಕೆ ಓದುತ್ತಿದ್ದ ಹಿರಿಯರು ಕತ್ತೆತ್ತಿ ನೋಡಿದರು. ಜೋರಾಗಿ ಓದುವುದೇ ಅಭ್ಯಾಸವಾಗಿರುವ ವಯಸ್ಸಿಗೆ ಅದು ಒಗ್ಗುವ ಜಾಗವಲ್ಲ. ಕಬ್ಬನ್ ಉದ್ಯಾನದಲ್ಲಿ ಮಕ್ಕಳಿಗೆಂದೇ ಇರುವ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯದ ಮಾತು ಬೇರೆ. ಕನ್ನಡದ ಪುಸ್ತಕಗಳಿವೆ, ಹೊರಗೆ ಮರಗಳಿವೆ, ಅದೇ ಉದ್ಯಾನದಲ್ಲಿ ಜವಾಹರ ಬಾಲಭವನವೂ ಇದೆ. ನಾವು ಹೋದ ದಿನಗಳಲ್ಲಿ ಕಥೆ ಹೇಳಲು ಯಾರೂ ಇರಲಿಲ್ಲವಾದ್ದರಿಂದ ಕಥೆಗಾರನ ಪಾತ್ರ ನನಗೇ ಬಂತು. ವರಾಂಡದಲ್ಲಿ ಕಲಿತದ್ದನ್ನು ಪ್ರಯೋಗಿಸಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಓದಿ ಹೇಳಲು ಹಿಂಜರಿಯುವ ಪೋಷಕರಿಗೆ ಮಾತ್ರ, ಕಾರ್ಯಕ್ರಮವಿಲ್ಲದ ಗ್ರಂಥಾಲಯವು ಪುಸ್ತಕ ತಿರುವಿ ಹೊರಬರುವ ಜಾಗವಾಗಿಬಿಡಬಹುದು.

ಅಲ್ಲಿಗೆ ಹೋಗುವ ದಾರಿಯೇ ಅರ್ಧ ಪಾಠವಾದದ್ದು ನಾವು ನಿರೀಕ್ಷಿಸದೆ ಸಿಕ್ಕ ಲಾಭ. ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯುವಾಗ ನಡುವೆ ಜಯನಗರ ಬರುತ್ತದೆ. ಗುಣಿತವೂ ಒತ್ತಕ್ಷರವೂ ಇಲ್ಲದೆ ಐದು ಬಿಡಿ ಅಕ್ಷರಗಳಲ್ಲಿ ಮುಗಿಯುವ ಹೆಸರು ಅದು. ಮಗಳು ಫಲಕ ನೋಡಿ ಮೊದಲು ಗುರುತಿಸಿದ್ದು ಕೊನೆಯ ‘ನಗರ’ವನ್ನು, ಆಮೇಲೆ ಬಸ್ಸಿನ ಬೋರ್ಡು, ಅಂಗಡಿಯ ವಿಳಾಸ, ಎಲ್ಲೆಲ್ಲೂ ‘ನಗರ’ ಹುಡುಕುವುದು ಅವಳ ಆಟವಾಯಿತು. ಪಕ್ಕದ ಸೀಟಿನವರ ಕೈಚೀಲವನ್ನೂ ಬಿಡಲಿಲ್ಲ.

ಮನೆಯ ಆಟಗಳಿಗೂ ದಾರಿ ತೋರಿಸಿದ್ದು ಮಿಸ್. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಅವರು ಪಾಠ ಮಾಡಿದವರು. ಅದರಲ್ಲಿ ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಹೊರಡುತ್ತಾರೆ. ಈ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಗರಗಸ ಎಲ್ಲ ಹುಟ್ಟುತ್ತವೆ. ಅಂಗಡಿಯಲ್ಲಿ ಸಿಗುವ ಬಣ್ಣದ ಚಾರ್ಟಿನಂತೆ ಅ, ಆ, ಇ, ಈ ಎಂದು ಹೊರಟರೆ ಎಷ್ಟೋ ಅಕ್ಷರ ದಾಟಿದರೂ ಮಗು ಓದಬಲ್ಲ ಪದವೊಂದು ಕೈಗೆ ಸಿಗುವುದಿಲ್ಲ. ನಾವು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದು ಒಂದೊಂದರಲ್ಲಿ ಒಂದೊಂದು ಅಕ್ಷರ ಹಾಕಿದೆವು. ಬಿಲ್ಲೆ ಬಿದ್ದ ಅಕ್ಷರವನ್ನು ಕೂಗಿ ಕುಂಟಬೇಕು, ಎರಡು ಮನೆ ಸೇರಿ ಪದವಾದರೆ ಇನ್ನೊಂದು ಆಟ ಬೋನಸ್. ‘ಸ’ದಿಂದ ‘ರ’ಕ್ಕೆ ಹಾರಿದರೆ ಸರ, ತಿರುಗಿ ಹಾರಿದರೆ ರಸ ಎಂಬುದನ್ನು ಅವಳ ಕಾಲೇ ಕಂಡುಹಿಡಿಯಿತು. ಮಳೆ ಬಂದ ದಿನ ನಮ್ಮ ಅತ್ತೆ ಮೊರದಲ್ಲಿ ರಾಗಿ ಹರವಿ ಬೆರಳಲ್ಲಿ ಬರೆಸುತ್ತಿದ್ದರು. ಊಟದ ಹೊತ್ತಿಗೆ ಪದಗಳನ್ನು ಚಪ್ಪಾಳೆ ತಟ್ಟಿ ಒಡೆಯುವ ಆಟ, ಕಮಲಕ್ಕೆ ಮೂರು, ಬದನೆಕಾಯಿಗೆ ಐದು.

ಈ ಚಪ್ಪಾಳೆಯ ಆಟಕ್ಕೆ, ಒಂದೊಂದು ಅಕ್ಷರದ ಧ್ವನಿಯನ್ನು ಬಿಡಿಬಿಡಿಯಾಗಿ ಕಲಿಸುವ ಇಂಗ್ಲಿಷ್ ಫೋನಿಕ್ಸ್‌ಗಿಂತ ಹೆಚ್ಚಿನ ಬೆಲೆ ಕೊಡುತ್ತೇನೆ, ಏಕೆಂದರೆ ಕನ್ನಡದ ಬರಹ ನಿಂತಿರುವುದು ಸ್ವರ–ವ್ಯಂಜನ ಕೂಡಿದ ಅಕ್ಷರದ ಮೇಲೆ. ಕನ್ನಡ ಓದುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಗುಣಿತ, ಒತ್ತಕ್ಷರಗಳೆಲ್ಲ ಸೇರಿದ ಈ ದೊಡ್ಡ ಅಕ್ಷರ ಸಮೂಹ ಮಕ್ಕಳಿಗೆ ವಶವಾಗಲು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗಿಂತ ಬಹಳ ಹೆಚ್ಚು ಕಾಲ ಬೇಕೆಂದೂ ಅದು ಹಲವು ತರಗತಿಗಳವರೆಗೆ ಮುಂದುವರಿಯುವುದೆಂದೂ ತೋರಿಸಿದೆ. ಐದು ವರ್ಷಕ್ಕೆ ಕಾಗುಣಿತ ಮುಗಿಸಿಕೊಡುತ್ತೇವೆಂದು ಹೇಳುವ ವಾರಾಂತ್ಯದ ತರಗತಿಗಳ ಕರಪತ್ರ ಗೇಟಿನಲ್ಲಿ ಕೈಗೆ ಬಂದಾಗ ಇದನ್ನು ನೆನೆದರೆ ಸಾಕು.

ಮೊಬೈಲ್ ಆ್ಯಪ್‌ಗಳನ್ನು ನಾನು ಐದನೇ ದಾರಿಯೆಂದು ಎಣಿಸಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ನಮ್ಮ ಮನೆಯಲ್ಲಿ ಆ ಗಂಟೆಗೆ ಬೇರೆ ಹಕ್ಕುದಾರರಿದ್ದಾರೆ. ಆದರೆ ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದ ಕನ್ನಡ ಕಥೆಗಳು ಮುಕ್ತ ಪರವಾನಗಿಯವಾದ್ದರಿಂದ, ಮೊದಲ ಹಂತದ ಪುಸ್ತಕಗಳನ್ನು ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಹೊಲಿದುಕೊಂಡೆವು. ಕಪ್ಪು–ಬಿಳುಪಿನಲ್ಲಿ ಮುದ್ರಿಸಿದರೆ ಅಗ್ಗ, ಬಣ್ಣ ತುಂಬುವ ಕೆಲಸವೂ ಮಗುವಿಗೆ ಉಳಿಯುತ್ತದೆ.

ನಾಲ್ಕರಲ್ಲಿ ಒಂದನ್ನೇ ಆರಿಸೆಂದರೆ ಕನ್ನಡ ಮನೆಮಾತಿನ ಮಗುವಿಗೆ ನನ್ನ ಮತ ವರಾಂಡಕ್ಕೆ. ಅಂಥದ್ದು ಹತ್ತಿರದಲ್ಲಿ ಇಲ್ಲದವರಿಗೆ ಕಬ್ಬನ್ ಉದ್ಯಾನ ಮತ್ತು ಮನೆಯ ಆಟ ಎರಡನ್ನೂ ಜೋಡಿಸಿಕೊಳ್ಳಲು ಹೇಳುತ್ತೇನೆ. ಇಬ್ಬರೂ ದುಡಿಯುವ, ಹಿರಿಯರಿಲ್ಲದ ಮನೆಗೆ ಖಾಸಗಿ ಗ್ರಂಥಾಲಯವೇ ಅನುಕೂಲವಾದೀತು. ಅಂಥವರು ಹಣ ಕಟ್ಟುವ ಮುನ್ನ ಒಂದು ದಿನದ ಕಥಾ ಸಮಯಕ್ಕೆ ತಮ್ಮನ್ನೂ ಒಳಗೆ ಕೂರಿಸಿಕೊಳ್ಳುತ್ತಾರೆಯೇ ಎಂದು ಕೇಳಬೇಕು, ಮಗುವಿಗೆ ಮಾತಾಡುವ ಸರದಿ ಎಷ್ಟು ಸಲ ಬರುತ್ತದೆಂದು ನೋಡಬೇಕು, ಕನ್ನಡದ ಕಥೆ ಯಾವ ವಾರ ಇದೆಯೆಂದು ವಿಚಾರಿಸಬೇಕು. ನಾವು ಸೇರಿದ್ದ ಕಡೆ ಕಥಾ ಸಮಯವಿಲ್ಲದೆ ಪುಸ್ತಕ ಮಾತ್ರ ಕೊಡುವ, ಕಡಿಮೆ ಶುಲ್ಕದ ಸದಸ್ಯತ್ವವೂ ಇತ್ತು. ಈಗ ಅದನ್ನು ಇಟ್ಟುಕೊಂಡಿದ್ದೇವೆ: ಇಂಗ್ಲಿಷ್ ಪುಸ್ತಕಗಳು ಅಲ್ಲಿಂದ ಬರುತ್ತವೆ, ಓದಿ ಹೇಳುವುದು ಮನೆಯಲ್ಲಿ ನಡೆಯುತ್ತದೆ, ಭಾನುವಾರ ಬೆಳಗ್ಗೆ ಮಿಸ್ ಊರಲ್ಲಿದ್ದರೆ ವರಾಂಡಕ್ಕೆ ಹೋಗುತ್ತೇವೆ.