ಚೀನಾದ 400 ಎಂಡ್ಸ್ ರೀಲಿಂಗ್ ಮೆಷಿನ್: ಶಿಡ್ಲಘಟ್ಟದ ನೀರಿಗೆ ಒಗ್ಗುತ್ತದೆಯೇ?

ರೇಷ್ಮೆ ಗೂಡಿನಿಂದ ಒಟ್ಟಿಗೆ 400 ಎಳೆ ನೂಲು ಸುತ್ತುವ ಈ ಆಟೋಮ್ಯಾಟಿಕ್ ಮೆಷಿನ್ ಮೇಲೆ ನೂಲಿನ ವಿಷಯದಲ್ಲಿ ದೂರಿಲ್ಲ. ಒಳ್ಳೆಯ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ಹುಳುವಿನ) ಗೂಡು ಹಾಕಿದರೆ 20/22 ಡೆನಿಯರ್ (ನೂಲಿನ ದಪ್ಪದ ಅಳತೆ) ನೂಲು ಒಂದೇ ಸಮನೆ ಬರುತ್ತದೆ, ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಬೇಕಾದ ಗೂಡಿನ ಕಿಲೋ ಲೆಕ್ಕ, ಆರು–ಆರೂವರೆಗೆ ನಿಲ್ಲುತ್ತದೆ. ಮಿಶ್ರತಳಿ ಗೂಡಿಗಾದರೆ ಎಳೆ ಪದೇ ಪದೇ ಕಡಿದು ವೇಸ್ಟ್ ಹೆಚ್ಚುತ್ತದೆ. ಅದಕ್ಕೆ ಕೈಯಿಂದ ಎಳೆ ಸೇರಿಸುವ ಮಲ್ಟಿ ಎಂಡ್ ಬೇಸಿನ್ನೇ (ಗೂಡು ಹಾಕುವ ಬಿಸಿನೀರಿನ ತೊಟ್ಟಿ) ವಾಸಿ.

ತೊಂದರೆ ಶುರುವಾಗುವುದು ಬೋರ್‌ವೆಲ್ ನೀರಿನಿಂದ. ಎಳೆಯ ದಪ್ಪವನ್ನು ಅಳೆಯುವುದು ಎರಡು ಪುಟ್ಟ ಗಾಜಿನ ಬಿಲ್ಲೆಗಳ ನಡುವಿನ ಸಣ್ಣ ಸಂದು. ಎಳೆ ತೆಳುವಾದರೆ ಉಜ್ಜಾಟ ಕಡಿಮೆಯಾಗಿ ಗೇಜ್ (ಈ ಬಿಲ್ಲೆಗಳಿರುವ ಅಳತೆಯ ಭಾಗ) ಕೆಳಗಿಳಿಯುತ್ತದೆ, ಕೂಡಲೇ ಹೊಸ ಗೂಡಿನ ಎಳೆ ಸೇರುತ್ತದೆ. ಗಡಸು ನೀರಿನ ಸುಣ್ಣ, ಗೂಡಿನ ಅಂಟು ಆ ಸಂದಿನಲ್ಲಿ ಕೂತರೆ ತೆಳು ಎಳೆಯೂ ಬಿಗಿಯಾಗಿ ಓಡುತ್ತದೆ. ಗೇಜ್ ಇಳಿಯುವುದಿಲ್ಲ, ಗೂಡು ಸೇರುವುದಿಲ್ಲ, ಡೆನಿಯರ್ ಬಿದ್ದುಹೋಗುತ್ತದೆ. ಆಗ ಸ್ಪೀಡ್ ತಗ್ಗಿಸಿ ಪ್ರಯೋಜನವಿಲ್ಲ. ಪ್ರತಿ ಶಿಫ್ಟಿಗೊಮ್ಮೆ ಬಿಲ್ಲೆಗಳನ್ನು ಬಿಸಿನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಬಾಯ್ಲರಿಗೂ ಬೇಸಿನ್ನಿಗೂ ಸಾಫ್ಟನರ್ ಹಾಯ್ದ ನೀರೇ ಹೋಗಲಿ, ಬೇಸಿನ್ನಿನ ನೀರಿನ ಗಡಸುತನ ಲೀಟರಿಗೆ 100 ಮಿ.ಗ್ರಾಂ ಒಳಗಿರಲಿ. ಸಾಫ್ಟನರಿಗೆ ಉಪ್ಪು ಹಾಕಲು ಮರೆತರೆ ನೂಲಿನ ಬಣ್ಣವೂ ಮಂಕಾಗುತ್ತದೆ.

ಇನ್ನು ಬಿಡಿಭಾಗ. ಇಲ್ಲಿ ಮೆಷಿನ್ನಿನ ಜೊತೆಗೆ ಅದು ಬಂದ ದೇಶವನ್ನೂ ನೋಡಬೇಕಾಗುತ್ತದೆ. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಹೊಸತರಲ್ಲಿ ನಮ್ಮ ರೀಲರ್‌ಗಳಿಗಿದ್ದ ಭಯ ಅಲ್ಲಿನ ಅಗ್ಗದ ನೂಲಿನದು. 2003ರಲ್ಲಿ ಅದರ ಮೇಲೆ ಆ್ಯಂಟಿ ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ತೆರಿಗೆ) ಬಿತ್ತು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದು ಶೇ 15ಕ್ಕೆ ಏರಿತು. ಅತ್ತ ಚೀನಾದ ಕರಾವಳಿಯಲ್ಲಿ ಕೂಲಿ, ಜಮೀನಿನ ಬೆಲೆ ಏರಿ ಹಿಪ್ಪುನೇರಳೆ ಝೆಜಿಯಾಂಗ್, ಜಿಯಾಂಗ್ಸು ಬಿಟ್ಟು ದಕ್ಷಿಣದ ಗುವಾಂಗ್ಶಿ ಕಡೆಗೆ ಸರಿಯಿತು. ನೂಲು ಮಾರುತ್ತಿದ್ದ ದೇಶ ಈಗ ನೂಲು ತೆಗೆಯುವ ಮೆಷಿನ್ನನ್ನೂ ಮಾರುತ್ತಿದೆ. ನೂಲನ್ನಾದರೆ ಸುಂಕ ಹಾಕಿ ತಡೆಯಬಹುದು, ಗೇಜಿಗೆ ಸುಂಕ ಹಾಕಿದರೆ ಪೆಟ್ಟು ಬೀಳುವುದು ನಮ್ಮ ರೀಲರಿಗೇ. 2020ರ ಗಲ್ವಾನ್ ಘರ್ಷಣೆಯ ನಂತರ ಮೆಷಿನ್ ರಿಪೇರಿಗೆ ಬರಬೇಕಾದ ಚೀನಾದ ತಂತ್ರಜ್ಞರಿಗೆ ವೀಸಾ ಸಿಗುವುದೇ ಕಷ್ಟವಾಗಿತ್ತು. ಲಡಾಖಿನ ಜಗಳ ಶಿಡ್ಲಘಟ್ಟದ ಬೇಸಿನ್ನಿಗೆ ಮುಟ್ಟುವುದು ಹೀಗೆ.

ಹಾಗಾಗಿ ಆರ್ಡರ್ ಕೊಡುವಾಗಲೇ ಕನಿಷ್ಠ 40 ಹೆಚ್ಚುವರಿ ಗೇಜ್, ಒಂದು ಕಂಟ್ರೋಲ್ ಬೋರ್ಡ್, ಒಂದು ಸೆಟ್ ಬೆಲ್ಟ್ ಬರೆಸಿಕೊಳ್ಳಿ. ವೈರಿಂಗ್ ನಕ್ಷೆ ಇಂಗ್ಲಿಷಿನಲ್ಲೇ ಬೇಕು ಎಂದು ಪಟ್ಟು ಹಿಡಿಯಿರಿ; ಚೀನೀ ಅಕ್ಷರದ ನಕ್ಷೆ ಇಟ್ಟುಕೊಂಡು ನಮ್ಮ ಎಲೆಕ್ಟ್ರಿಷಿಯನ್ ಏನೂ ಮಾಡಲಾರ. ಬೇರಿಂಗ್ ಮೇಲಿನ ನಂಬರ್ ಗುರುತು ಹಾಕಿಕೊಂಡರೆ ಬೆಂಗಳೂರಿನಲ್ಲೇ ಸಿಗುತ್ತದೆ. ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ದೇಶೀ ಆಟೋಮ್ಯಾಟಿಕ್ ಮೆಷಿನ್ ರೂಪಿಸಿದೆ. ಅಡ್ವಾನ್ಸ್ ಕೊಡುವ ಮೊದಲು ನಿಮ್ಮದೇ ಲಾಟಿನ ಗೂಡು ಒಯ್ದು ಎರಡರಲ್ಲೂ ಓಡಿಸಿ ನೋಡಿ, ಜೊತೆಗೆ ನಿಮ್ಮ ಬೋರಿನ ನೀರಿನ ಒಂದು ಕ್ಯಾನೂ ಇರಲಿ.