1971ರ ನ್ಯಾಟ್ ಕಿಟ್ ಅಂತ ಮಾರ್ತಿದಾನೆ, ದಯವಿಟ್ಟು ತಗೋಬೇಡಿ

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಆದ್ರೆ ಗೊತ್ತಿರೋ ಹುಡುಗ ಒಬ್ಬ, ನನಗೆ ಮೋಸ ಮಾಡಿದ ಅದೇ ಮನುಷ್ಯನಿಗೆ ಅದೇ ಕಿಟ್ಟಿಗೆ ಅಡ್ವಾನ್ಸ್ ಕಳಿಸೋಕೆ ಹೊರಟಿದ್ದ. ಇನ್ನು ಸುಮ್ಮನಿರೋಕಾಗಲ್ಲ.

1/72 ಸ್ಕೇಲಿನ (ನಿಜವಾದ ಅಳತೆಯ 72ನೇ ಒಂದು ಭಾಗ) ಫೋಲಂಡ್ ನ್ಯಾಟ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್, ಭಾಗಗಳನ್ನ ಅಂಟಿಸಿ ನಾವೇ ಕಟ್ಟೋ ಕಿಟ್ಟು. ‘1971 ವಾರ್, ಇಂಡಿಯನ್ ಡೆಕಾಲ್ ಸಮೇತ, ಸೀಲ್ ಪ್ಯಾಕ್’ ಅಂತ ಹಾಕಿದ್ದ (ಡೆಕಾಲ್ ಅಂದ್ರೆ ನೀರಲ್ಲಿ ನೆನೆಸಿ ಮಾಡೆಲ್ ಮೇಲೆ ಅಂಟಿಸೋ ಗುರುತಿನ ಚಿತ್ರ). ₹3,200, ಪೂರ್ತಿ ಮುಂಗಡ. 71ರಲ್ಲಿ ಬೊಯ್ರಾದಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನ ಉರುಳಿಸಿದ ವಿಮಾನ, ಶ್ರೀನಗರದಲ್ಲಿ ಪರಮವೀರ ಚಕ್ರದ ಪೈಲಟ್ ಸೆಖೋನ್ ಕೊನೇ ಸಲ ಹಾರಿಸಿದ ವಿಮಾನ, ಅದೂ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗ್ತಿದ್ದದ್ದು. ಕಟ್ಟಬೇಕು ಅಂತ ಎಷ್ಟೋ ವರ್ಷದ ಆಸೆ. ಅಂಥ ಆಸೆ ಇರೋರನ್ನೇ ಹುಡುಕಿ ಹಿಡೀತಾನೆ ಇವನು.

ಸ್ಪ್ರೂ, ಅಂದ್ರೆ ಬಿಡಿಭಾಗಗಳು ಅಂಟಿಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟಿನ ಫೋಟೊ ಕೇಳಿದೆ. ಕೇಳಲಿಲ್ಲ ಅಂತ ಯಾರೂ ಅನ್ನಬೇಡಿ, ಕೇಳಿದೆ. ‘ಸೀಲ್ ಒಡೆದ್ರೆ ವ್ಯಾಲ್ಯೂ ಹೋಗುತ್ತೆ ಸರ್, ಇದೆಲ್ಲ ನಂಬಿಕೆ ಮೇಲೆ ನಡಿಯೋ ಹಾಬಿ’ ಅಂದ. ಡಬ್ಬದ ಮುಚ್ಚಳದ ಫೋಟೊ ಮಾತ್ರ ಕಳಿಸಿದ, ಮೂಲೇಲಿ ಅವನ ಹೆಬ್ಬೆರಳು.

ಬಂದದ್ದು ಬಿಳಿ ರಟ್ಟಿನ ಡಬ್ಬ. ಚಿತ್ರವಿಲ್ಲ, ಸೀಲ್ ಇಲ್ಲ, ಇನ್‌ಸ್ಟ್ರಕ್ಷನ್ ಜೆರಾಕ್ಸ್. ಆಗಲೂ ಸಮಾಧಾನ ಮಾಡ್ಕೊಂಡೆ, ಒಳಗಿನ ಪ್ಲಾಸ್ಟಿಕ್ ಸರಿಯಿದ್ರೆ ಸಾಕು ಅಂತ. ಕವರ್ ಬಿಚ್ಚಿ ಸ್ಪ್ರೂ ಬೆಳಕಿಗೆ ಹಿಡಿದೆ. ಸೀಟು. ಅದರ ಪಕ್ಕ ಇನ್ನೊಂದು ಸೀಟು. ಕ್ಯಾನೊಪಿ (ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ) ನೋಡಿದೆ, ಉದ್ದಕ್ಕೆ ಇದೆ. ಹೊಟ್ಟೆ ತೊಳಸಿದ ಹಾಗಾಯ್ತು.

ಅದು ಟಿ.1, ನ್ಯಾಟ್‌ನ ಎರಡು ಸೀಟಿನ ರೂಪ. ಬ್ರಿಟನ್ನಿನ ತರಬೇತಿ ವಿಮಾನ, ಅಲ್ಲಿನ ವಾಯುಪಡೆಯ ಕಸರತ್ತು ತಂಡ ರೆಡ್ ಆರೋಸ್‌ನವರು ಕೆಂಪು ಬಳಿದು ಹಾರಿಸ್ತಿದ್ದದ್ದು. ಯುದ್ಧ ಮಾಡಿದ ನಮ್ಮ ನ್ಯಾಟ್‌ನಲ್ಲಿ ಪೈಲಟ್ ಒಬ್ಬನೇ, ಜೊತೆಗೆ ಎರಡು 30 ಮಿ.ಮೀ. ಅಡೆನ್ ಫಿರಂಗಿ. ಇದರಲ್ಲಿ ಇಬ್ಬರಿಗೆ ಜಾಗ ಇದೆ, ಫಿರಂಗಿ ಇಲ್ಲ!

ಮೆಸೇಜ್ ಮಾಡಿದೆ. ಉತ್ತರ ಓದಿ:

‘ಹಿಂದಿನ ಸೀಟ್ ಹಾಕ್ಬೇಡಿ ಸರ್ ಅಷ್ಟೇ, ಸಿಂಗಲ್ ಸೀಟರ್ ಆಗುತ್ತೆ.’

ಅಯ್ಯಾ, ಸ್ಕೇಲ್ ಇಟ್ಟು ಅಳೆದು ಫೋಟೊ ಕಳಿಸಿದೆ. ಫೈಟರ್ ಆಗಿದ್ರೆ ಉದ್ದ ಸುಮಾರು 121 ಮಿ.ಮೀ. ಬರಬೇಕು, ಇದು 134. ರೆಕ್ಕೆ 93ರ ಆಸುಪಾಸು ಇರಬೇಕು, ಇದು 102. ಮೂಗು ಬೇರೆ, ರೆಕ್ಕೆ ಬೇರೆ, ಬೆನ್ನು ಬೇರೆ. ಪುಟ್ಟಿ ಮೆತ್ತಿ ಸರಿಮಾಡೋ ಸಂಗತಿ ಅಲ್ಲ ಇದು. ಅದಕ್ಕವನು: ‘ಒಂದು ಸೆಂಟಿಮೀಟರ್‌ಗೆ ಇಷ್ಟು ಗಲಾಟೆನಾ ಸರ್? ಶೋಕೇಸಲ್ಲಿ ಇಟ್ರೆ ಯಾರು ಅಳೀತಾರೆ?’

ಯಾರು ಅಳೀತಾರಂತೆ. ನಾನು ಅಳೀತೀನಿ ಕಣಯ್ಯಾ! ಈ ಹಾಬಿ ಇರೋದೇ ಅದಕ್ಕೆ.

ಹೋಗಲಿ, ಡೆಕಾಲ್ ಆದ್ರೂ ಉಳಿಯಿತಲ್ಲ, ಬೇರೆ ಕಿಟ್ಟಿಗೆ ಬರುತ್ತೆ ಅಂದುಕೊಂಡೆ. ಒಂದು ಪ್ಲಾಸ್ಟಿಕ್ ಚಮಚಕ್ಕೆ ಕಡುಹಸಿರು ಬಳಿದು, ಮೇಲೆ ಹೊಳಪಿನ ವಾರ್ನಿಷ್ ಕೊಟ್ಟು, ಒಂದು ರೌಂಡೆಲ್ (ವಾಯುಪಡೆಯ ಕೇಸರಿ-ಬಿಳಿ-ಹಸಿರು ದುಂಡು ಗುರುತು) ನೀರಿಗೆ ಬಿಟ್ಟೆ. ಕೇಸರಿ ಕರಗಿ ನೀರೆಲ್ಲ ಕಿತ್ತಳೆ ಶರಬತ್ತು. ಉಳಿದಿದ್ದನ್ನ ಚಮಚದ ಮೇಲೆ ಜಾರಿಸಿದ್ರೆ ನಡುವಿನ ಬಿಳಿ ಬಳೆಯೇ ಇಲ್ಲ, ಚಮಚಕ್ಕೆ ಬಳಿದ ಹಸಿರೇ ಕಾಣ್ತಿದೆ. ಮನೆಯ ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಹೊಡೆದಿದಾನೆ ಪುಣ್ಯಾತ್ಮ. ಆ ಪ್ರಿಂಟರಿಗೆ ಬಿಳಿ ಇಂಕೇ ಇರಲ್ಲ, ಹಾಳೆಯ ಬಿಳಿಯನ್ನೇ ಬಿಳಿ ಅಂತ ತೋರಿಸಿರ್ತಾರೆ. ಮೇಲೆ ಕ್ಲಿಯರ್ ಕೋಟ್ ಹೊಡೆಯುವಷ್ಟೂ ವ್ಯವಧಾನ ಇರಲಿಲ್ಲ ಅವನಿಗೆ.

‘ನೀರು ಬಿಸಿ ಜಾಸ್ತಿ ಮಾಡಿರ್ತೀರ ಸರ್.’ ನಲ್ಲಿ ನೀರು ಅಂದೆ. ‘ಹಾಗಾದ್ರೆ ನಿಮ್ಮ ನೀರು ಗಡಸು.’ ದುಡ್ಡು ವಾಪಸ್ ಕೊಡಪ್ಪ ಅಂದೆ. ‘ಕವರ್ ಒಡೆದಿದೀರ, ಇನ್ನು ನಾನ್ ಹೇಗೆ ತಗೊಳ್ಳಲಿ?’ ಕವರ್ ಒಡೆಯದೆ ಒಳಗೇನಿದೆ ಅಂತ ಹೇಗಪ್ಪಾ ಗೊತ್ತಾಗ್ಬೇಕು? ಅದಕ್ಕೆ ಉತ್ತರ ಇಲ್ಲ. ಬ್ಲಾಕ್.

ಭಾರತದ ನ್ಯಾಟ್ ಅಂತ ಯಾರೇ ಮಾರಲಿ, ಮೊದಲು ಕ್ಯಾನೊಪಿ ಭಾಗದ ಫೋಟೊ ಕೇಳಿ. ಉದ್ದ ಇದ್ರೆ ಮಾತು ಮುಗೀತು. ಡೆಕಾಲ್ ಹಾಳೆಯನ್ನ ಕಪ್ಪು ಬಟ್ಟೆ ಮೇಲಲ್ಲ, ಬೆಳಕಿಗೆ ಅಡ್ಡ ಹಿಡಿದು ವಿಡಿಯೊ ಮಾಡೋಕೆ ಹೇಳಿ, ಬಿಳಿ ಇಂಕ್ ಇದ್ರೆ ಅಲ್ಲಿ ದಟ್ಟವಾಗಿ ಕಾಣುತ್ತೆ. ‘ನಂಬಿಕೆ’ ಅನ್ನೋ ಪದ ಅವನ ಬಾಯಲ್ಲಿ ಬಂತೋ, ಯುಪಿಐ ಮುಚ್ಚಿಬಿಡಿ.

ಈಗ ಬೇರೆ ಹೆಸರಲ್ಲಿ ಮತ್ತೆ ಹಾಕಿದಾನೆ. ಫೋಟೊ ಅದೇ, ಹೆಬ್ಬೆರಳೂ ಅದೇ. ಬೆಲೆ ಮಾತ್ರ ₹3,600 ಆಗಿದೆ.