ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸ್ಟಾರ್ಟರ್ ಸೆಟ್: ವಿಜಯಪುರದಲ್ಲಿ ಆರು ವರ್ಷ ಆಡಿದ ಮೇಲೆ

2019ರ ದೀಪಾವಳಿ ಹೊತ್ತಿಗೆ ನಾವು ಐದು ಜನ ದುಡ್ಡು ಕೂಡಿಸಿ ಈ ಡಬ್ಬಿ ತರಿಸಿದೆವು. ಒಬ್ಬ ಔಷಧಿ ಅಂಗಡಿಯವನು, ಒಬ್ಬ ಬ್ಯಾಂಕಿನವನು, ಒಬ್ಬಳು ಹೈಸ್ಕೂಲಿನ ಗಣಿತ ಶಿಕ್ಷಕಿ, ಒಬ್ಬ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ, ಜೊತೆಗೆ ನಾನು. ಈಗ ಡಬ್ಬಿಯ ನಾಲ್ಕೂ ಮೂಲೆ ಹರಿದು ಟೇಪು ಹಚ್ಚಿದ್ದೇವೆ, ಕಥೆಯ ಪುಸ್ತಕದ ಪಿನ್ನು ಬಿಚ್ಚಿ ದಾರ ಹೊಲಿದಿದ್ದೇವೆ. ಆಟ ಇನ್ನೂ ನಡೆದಿದೆ. ಇಂಥ ಡಬ್ಬಿಗಳ ಬಗ್ಗೆ ಮಾತಾಡುವವರು ಹೆಚ್ಚಾಗಿ ತೆರೆದ ದಿನವೇ ಮಾತಾಡುತ್ತಾರೆ. ಕೊಂಡವರು ಮರುವರ್ಷ ಅದನ್ನು ಎಲ್ಲಿಟ್ಟರು ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೇ ಇಷ್ಟು ತಡವಾಗಿ ಬರೆಯುತ್ತಿದ್ದೇನೆ.

ಇದು 2014ರಲ್ಲಿ ಬಂದ ಡಬ್ಬಿ. ಒಳಗೆ 32 ಪುಟದ ನಿಯಮದ ಪುಸ್ತಕ, 64 ಪುಟದ ಕಥೆಯ ಪುಸ್ತಕ, ತಯಾರಾಗಿಯೇ ಬರುವ ಐದು ಪಾತ್ರಗಳ ಹಾಳೆ, ಆರು ದಾಳ. ಅಷ್ಟೇ. ಬೋರ್ಡು ಇಲ್ಲ, ಗೊಂಬೆಗಳಿಲ್ಲ. ಅದನ್ನು ನೋಡಿ ಬ್ಯಾಂಕಿನವನು "ಇದರಾಗ ಆಟ ಎಲ್ಲೈತಿ?" ಅಂದಿದ್ದ. ಆಟ ಇರುವುದು ಮಾತಿನಲ್ಲಿ. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಡಿಎಂ ಸನ್ನಿವೇಶ ಹೇಳಿ "ಏನ್ ಮಾಡ್ತಿ?" ಅಂತ ಕೇಳುತ್ತಾರೆ. ಮಾಡಲು ಹೊರಟಿದ್ದು ಫಲಿಸುತ್ತದೋ ಇಲ್ಲವೋ ಅನುಮಾನವಿದ್ದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಮೊದಲು ಪ್ರಕಟಿಸಿದಾಗಿನಿಂದ ನಿಯಮಗಳು ಎಷ್ಟೋ ಸಲ ಬದಲಾಗಿವೆ, ಆ ಪ್ರಶ್ನೆ ಮಾತ್ರ ಬದಲಾಗಿಲ್ಲ.

ನಮ್ಮ ಮೊದಲ ರಾತ್ರಿ ಕೆಟ್ಟುಹೋಯಿತು. ಕಥೆಯ ಪುಸ್ತಕದಲ್ಲಿ ಆಟಗಾರರಿಗೆ ಓದಿ ಹೇಳಲೆಂದೇ ಚೌಕಟ್ಟು ಹಾಕಿದ ಇಂಗ್ಲಿಷ್ ಸಾಲುಗಳಿವೆ. ಡಿಎಂ ಆಗಿದ್ದ ನಾನು ಅವನ್ನು ಹಾಗೆಹಾಗೇ ಓದಿದೆ. ಕೇಳುವವರ ಮುಖ ಪರೀಕ್ಷೆ ಹಾಲಿನಲ್ಲಿ ಕೂತಂತೆ ಆಯಿತು. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ದಿನವೂ ಕೆಲಸದಲ್ಲಿ ಬಳಸುತ್ತಾರೆ. ಆದರೆ ಹೆದರುವುದು, ಬೈಯುವುದು, ಸುಳ್ಳು ಹೇಳಿ ಪಾರಾಗುವುದು ಇಂಗ್ಲಿಷಿನಲ್ಲಿ ಬರಲಿಲ್ಲ. ಪ್ರತಿಯೊಬ್ಬರೂ "ಐ ಅಟ್ಯಾಕ್" ಅಂದು ಸುಮ್ಮನಾದರು. ದಾರಿಯಲ್ಲಿ ಸತ್ತು ಬಿದ್ದ ಎರಡು ಕುದುರೆ, ಪೊದೆಯೊಳಗೆ ಅಡಗಿದ ಗಾಬ್ಲಿನ್ ಎಂಬ ನಾಲ್ಕು ಪುಟ್ಟ ರಾಕ್ಷಸರು. ಕಥೆಯ ಆರಂಭ ಅದು, ಒಳ್ಳೆಯ ಆರಂಭ. ನಮ್ಮ ಮನೆಯಲ್ಲಿ ಅದು ಲೆಕ್ಕದ ಪುಸ್ತಕದಂತೆ ಮುಗಿಯಿತು.

ಎರಡನೆಯ ಸಲ ಕೂರುವ ಮುಂಚೆ ನನಗೆ ಶ್ರೀಕೃಷ್ಣ ಪಾರಿಜಾತದ ಬಯಲಾಟ ನೆನಪಾಯಿತು. ಚಿಕ್ಕವನಿದ್ದಾಗ ಅಜ್ಜಿಯ ಊರಲ್ಲಿ ಬೆಳತನಕ ಕೂತು ನೋಡಿದ್ದೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಭಾಗವತ ಅದನ್ನು ಮಾತಾಡಿಸುತ್ತಾನೆ: ಯಾರು ನೀವು, ಎಲ್ಲಿಂದ ಬಂದಿರಿ, ಏನು ಕೆಲಸ? ಪಾತ್ರ ತನ್ನ ಬಾಯಿಂದಲೇ ತನ್ನ ಗುರುತು ಹೇಳಬೇಕು. ನಾನು ಪುಸ್ತಕ ಮುಚ್ಚಿಟ್ಟು ಅದನ್ನೇ ಕೇಳಿದೆ. "ಯಾರವ್ವಾ ನೀವು? ಯಾವ ಕಡೆಯಿಂದ ಬಂದ್ರಿ?" ಕಳ್ಳಿಯ ಪಾತ್ರದ ಶಿಕ್ಷಕಿ ಒಂದು ಕ್ಷಣ ನನ್ನನ್ನು ನೋಡಿ, "ನಾ ಯಾರಂತ ಹೇಳಿದ್ರ ನಿಮ್ಮ ಕಿಸೆ ಮುಟ್ಟಿ ನೋಡ್ಕೋತೀರಿ, ಬ್ಯಾಡ ಬಿಡ್ರಿ" ಅಂದಳು. ಅಲ್ಲಿಂದ ಆಟ ಶುರುವಾಯಿತು. ಇವತ್ತಿಗೂ ಪ್ರತಿ ಬೈಠಕ್ಕು ಆ ಪ್ರಶ್ನೆಯಿಂದಲೇ ಆರಂಭ. ಕೆಲಸದ ದಣಿವಿನಲ್ಲಿ ಬಂದವರು ಉತ್ತರ ಹೇಳುತ್ತ ಹೇಳುತ್ತಲೇ ಪಾತ್ರದೊಳಗೆ ಇಳಿಯುತ್ತಾರೆ.

ಡಬ್ಬಿಯ ನಿಜವಾದ ಗಟ್ಟಿತನ ಗೊತ್ತಾಗಿದ್ದು ಆಮೇಲೆ. ಕಥೆಯನ್ನು ನಾನು ಎಷ್ಟು ಎಳೆದಾಡಿದರೂ ಅದು ಮುರಿಯಲಿಲ್ಲ. ಫ್ಯಾಂಡಾಲಿನ್ ಅನ್ನುವ ಸಣ್ಣ ಊರು, ಅದನ್ನು ಹೆದರಿಸಿ ಇಟ್ಟುಕೊಂಡ ಪುಂಡರ ಗುಂಪು, ಅಪಹರಣವಾದ ಕುಬ್ಜ, ಕಳೆದುಹೋದ ಗಣಿ. ಇದರಲ್ಲಿ ನಮ್ಮ ಕಡೆ ಅರ್ಥವಾಗದ್ದು ಯಾವುದೂ ಇಲ್ಲ. ಹೆಸರುಗಳನ್ನು ಮಾತ್ರ ಬದಲಿಸಿದೆ. ಗುಂಡ್ರೆನ್ ರಾಕ್‌ಸೀಕರ್ ಅನ್ನುವ ಹೆಸರು ನಾಲಗೆ ಮೇಲೆ ನಿಲ್ಲಲಿಲ್ಲ, ಅವನು ಗುಂಡಪ್ಪನಾದ. ಸಂತೆ, ಅಗಸಿ, ಚಾವಡಿ ಬಂದವು. ಊರಿಗೆ ಏನಾದರೂ ಆದರೆ ತಮ್ಮ ಊರಿಗೇ ಆದಂತೆ ನಾಲ್ವರೂ ಸಿಟ್ಟಾಗತೊಡಗಿದರು.

ನಿಯಮಗಳ ಬಗ್ಗೆ ಒಂದೇ ಒಂದನ್ನು ವಿವರವಾಗಿ ಹೇಳುತ್ತೇನೆ, ಇಡೀ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ್ದು ಅದು. ಪರಿಸ್ಥಿತಿ ನಿಮ್ಮ ಪರವಾಗಿದ್ದರೆ ಇಪ್ಪತ್ತರ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬೇಕು. ವಿರುದ್ಧವಾಗಿದ್ದರೆ ಸಣ್ಣದನ್ನು. ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಾದ ಕೆಲಸದಲ್ಲಿ ಅರ್ಧಕ್ಕರ್ಧ ಇದ್ದ ಅವಕಾಶ ಇದರಿಂದ ನೂರಕ್ಕೆ 75 ಆಗುತ್ತದೆ, ಇಲ್ಲವೇ 25ಕ್ಕೆ ಇಳಿಯುತ್ತದೆ. ನಾವು ಮೊದಲನೆಯದಕ್ಕೆ ಮೇಲುಗೈ ಅಂದೆವು, ಎರಡನೆಯದಕ್ಕೆ ಅಡಚಣಿ. ಕೂಡುವ ಕಳೆಯುವ ಲೆಕ್ಕ ಇಲ್ಲದ್ದರಿಂದ ಯಾರಾದರೂ ಒಳ್ಳೆಯ ಉಪಾಯ ಹೇಳಿದ ತಕ್ಷಣ ಅದಕ್ಕೆ ಬೆಲೆ ಕೊಡಬಹುದು. ಗಣಿಯ ಕಥೆಯ ಕೊನೆಗೆ ಒಂದು ಗುಹೆ ಬರುತ್ತದೆ, ಸಮುದ್ರದ ಅಲೆಯ ಸದ್ದು ಮತ್ತೆ ಮತ್ತೆ ಮಾರ್ದನಿಸುವ ಗುಹೆ. ಅದನ್ನು ವರ್ಣಿಸಲು ನಾನು ತಯಾರಿ ಮಾಡಿಕೊಂಡು ಬಂದಿದ್ದೆ. ಬೇಕಾಗಲೇ ಇಲ್ಲ. ಗೋಳಗುಮ್ಮಟದ ಗ್ಯಾಲರಿಯಲ್ಲಿ ನಿಂತು ಕೂಗಿ ಬೆಳೆದವರಿಗೆ ಮಾರ್ದನಿ ಅಂದರೆ ಏನೆಂದು ನಾನು ಹೇಳಬೇಕೇ? ಕಳ್ಳಿ ಸುಮ್ಮನೆ ಕಲ್ಲಿಗೆ ಕಿವಿ ಹಚ್ಚಿದಳು. "ಗುಮ್ಮಟದಾಗ ಆ ಕಡೆ ಗೋಡಿಗೆ ಪಿಸುಗುಟ್ಟಿದ್ರ ಈ ಕಡೆ ಕೇಳ್ತೈತಿ. ಇಲ್ಲೂ ಕೇಳಬೇಕು." ಪುಸ್ತಕದಲ್ಲಿ ಹಾಗೇನೂ ಬರೆದಿಲ್ಲ. ಮೇಲುಗೈ ಕೊಟ್ಟೆ. 17 ಬಿತ್ತು, ವೈರಿಗಳ ಮಾತು ಕೇಳಿಸಿತು.

ಆ ಗುಹೆ ಮುಟ್ಟುವ ಮೊದಲು ನಾವು ಒಬ್ಬನನ್ನು ಕಳೆದುಕೊಂಡಿದ್ದೆವು.

2021ರ ಫೆಬ್ರವರಿ, ಔಷಧಿ ಅಂಗಡಿಯವನ ಮನೆ ಮಾಳಿಗೆ. ಹಿಂದಿನ ವರ್ಷದ ಲಾಕ್‌ಡೌನಿನಲ್ಲಿ ಫೋನಿನ ಸ್ಪೀಕರ್ ಹಚ್ಚಿ, ಅವರವರ ಮನೆಯಲ್ಲಿ ಲೂಡೋ ದಾಳ ಉರುಳಿಸಿ ಹೇಗೋ ಆಟ ಉಳಿಸಿಕೊಂಡಿದ್ದವರು ಮತ್ತೆ ಒಂದೇ ಚಾಪೆ ಮೇಲೆ ಕೂತಿದ್ದೆವು. ಹಾಳು ಬಿದ್ದ ಹಳ್ಳಿಯ ಗೋಪುರದಲ್ಲಿ ಹಸಿರು ಡ್ರ್ಯಾಗನ್ ಇದೆ ಎಂದು ಗೊತ್ತಿದ್ದೂ ನಾಲ್ವರೂ ಒಳಹೊಕ್ಕರು. ಆಡುತ್ತ ಹೋದಂತೆ ಪಾತ್ರಗಳ ಬಲ ಹಂತ ಹಂತವಾಗಿ ಏರುತ್ತದೆ, ಆಗ ಅವರಿನ್ನೂ ಮೂರನೆಯ ಹಂತದವರು. ಅದರ ವಿಷದ ಉಸಿರಿಗೆ ಆರು ಮುಖದ ಹನ್ನೆರಡು ದಾಳ ಹಾಕಬೇಕು. ಡಬ್ಬಿಯಲ್ಲಿ ಅಂಥ ದಾಳ ಇರುವುದು ಒಂದೇ. ಹನ್ನೆರಡು ಸಲ ಉರುಳಿಸಿದೆ. ಶಿಕ್ಷಕಿ ಒಂದೊಂದನ್ನೇ ಕೂಡಿಸುತ್ತ ಗಟ್ಟಿಯಾಗಿ ಹೇಳುತ್ತಿದ್ದಳು, ಎಂಟನೆಯದರಿಂದ ಅವಳ ದನಿ ಇಳಿಯಿತು. ಒಟ್ಟು 44 ಪೆಟ್ಟು.

ಕುಬ್ಜ ಪೂಜಾರಿಗೆ ಹುಟ್ಟಿನಿಂದಲೇ ವಿಷ ಅರ್ಧ ಮಾತ್ರ ತಾಗುತ್ತದೆ, ಅವನು 22 ತಿಂದು ನಿಂತ. ದ್ರಾಕ್ಷಿ ಬೆಳೆಗಾರನ ಮಾಂತ್ರಿಕನಿಗೆ ಪಾರಾಗಲು 14 ಬೇಕಿತ್ತು, 9 ಬಿತ್ತು. ಅವನ ಪೂರ್ತಿ ಜೀವವೇ 20. ಸಾಮಾನ್ಯವಾಗಿ ಜೀವ ಸೊನ್ನೆಗೆ ಬಂದರೆ ಎಚ್ಚರ ತಪ್ಪುತ್ತದೆ, ಮೂರು ಸಲ ಗೆದ್ದರೆ ಉಳಿಯುವ ಮೂರು ಸಲ ಸೋತರೆ ಸಾಯುವ ದಾಳದ ಅವಕಾಶ ಸಿಗುತ್ತದೆ. ಆದರೆ ಸೊನ್ನೆಯಾದ ಮೇಲೆ ಉಳಿದ ಪೆಟ್ಟು ಪೂರ್ತಿ ಜೀವದಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ಅಲ್ಲೇ ಸಾವು. ಉಳಿದದ್ದು 24. ನಿಜಜೀವನದಲ್ಲಿ ದಿನವಿಡೀ ಔಷಧಿ ಕೊಡುವವನೇ ಆಟದಲ್ಲಿ ಪೂಜಾರಿ. ಅವನು ಮಾತಾಡದೆ ನಿಯಮದ ಪುಸ್ತಕದ ಮಂತ್ರಗಳ ಪುಟಗಳನ್ನು ತಿರುವಿದ, ಮತ್ತೆ ಮೊದಲಿಂದ ತಿರುವಿದ. ಸತ್ತವರನ್ನು ಎಬ್ಬಿಸುವ ಮಂತ್ರ ಪೂಜಾರಿಗೆ ಐದನೆಯ ಹಂತಕ್ಕೆ ಮುಂಚೆ ಒಲಿಯುವುದಿಲ್ಲ.

ದಾಳ ತಿದ್ದಬಹುದಿತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಎಲ್ಲರ ಕಣ್ಣೆದುರೇ ಉರುಳಿಸಿದ್ದೆ, ತಿದ್ದಲು ಆಗುತ್ತಿರಲಿಲ್ಲ. ಹಾಗೆ ಎದುರಲ್ಲೇ ಉರುಳಿಸಿದ್ದು ಸರಿ ಎಂದೇ ಈಗಲೂ ಅನ್ನಿಸುತ್ತದೆ. ಬೆಳೆಗಾರ ಆ ರಾತ್ರಿ ಬೇಗ ಎದ್ದು ಹೋದ. ಒಣದ್ರಾಕ್ಷಿ ಕೆಲಸದ ದಿನಗಳು, ಮೂರು ವಾರ ಬರಲಿಲ್ಲ. ಬಂದಾಗ ಹೊಸ ಪಾತ್ರದ ಮಾತೆತ್ತಲಿಲ್ಲ. "ಅಂವನ್ನ ಅಲ್ಲೇ ಬಿಟ್ಟು ಮುಂದ ಹೋಗೂದು ಬ್ಯಾಡ. ಮೊದಲ ಮಣ್ಣ ಮಾಡೂಣು" ಅಂದ. ಆವತ್ತು ಎರಡು ತಾಸು ದಾಳ ಮುಟ್ಟಲಿಲ್ಲ. ಒಬ್ಬೊಬ್ಬರೂ ತಮ್ಮ ಪಾತ್ರದ ಬಾಯಿಂದ ಮಾಂತ್ರಿಕನ ಬಗ್ಗೆ ಮಾತಾಡಿದರು. ಸಾಲ ತೀರಿಸದೆ ಹೋದ ಅಂದಳು ಕಳ್ಳಿ. ಬೆಳೆಗಾರ ಕೊನೆಗೆ ಅವನ ಹಾಳೆಯನ್ನು ಮಡಚಿ ಡಬ್ಬಿಯ ತಳಕ್ಕೆ ಇಟ್ಟ. ಇನ್ನೂ ಅಲ್ಲೇ ಇದೆ. ನಾಲ್ಕು ಆಟಗಾರರಿಗೆ ಡಬ್ಬಿಯಲ್ಲಿ ಐದು ಪಾತ್ರಗಳಿರುವುದು ಯಾಕೆಂದು ನನಗೆ ಅರ್ಥವಾಗಿದ್ದು ಆವತ್ತು, ಉಳಿದಿದ್ದ ಯೋಧನ ಹಾಳೆಯನ್ನು ಅವನಿಗೆ ಕೊಟ್ಟಾಗ.

ಕೊರತೆಗಳಿವೆ. ಸ್ವಂತ ಪಾತ್ರ ಮಾಡಿಕೊಳ್ಳುವ ನಿಯಮ ಈ ಡಬ್ಬಿಯಲ್ಲಿ ಇಲ್ಲ, ಕೊಟ್ಟ ಐವರಲ್ಲೇ ಆರಿಸಬೇಕು. ಪಾತ್ರಗಳು ಐದನೆಯ ಹಂತಕ್ಕೆ ನಿಲ್ಲುತ್ತವೆ. ಮುಖ್ಯ ಖಳ ಕಥೆಯ ಕೊನೆಯವರೆಗೆ ಕಣ್ಣಿಗೇ ಬೀಳುವುದಿಲ್ಲ, ಅವನ ಮೇಲೆ ನಮಗೆ ಸಿಟ್ಟು ಬರಲಿಲ್ಲ. ನಡುವೆ ಅವನ ಕಾಗದ, ಅವನ ಆಳು ಆಗಾಗ ಎದುರಾಗುವಂತೆ ನೀವೇ ಸೇರಿಸಿಕೊಳ್ಳಿ. ದಾಳ ಒಂದೇ ಜೊತೆ, ಇನ್ನೊಂದು ಜೊತೆ ತರಿಸಿದರೆ ಕೈಯಿಂದ ಕೈಗೆ ದಾಟಿಸುವ ಹೊತ್ತು ಉಳಿಯುತ್ತದೆ. ನಮಗೆ ಮೊದಲು ಬಂದ ಪ್ರತಿಯ ಪುಸ್ತಕ ನೀರು ಕುಡಿದಿತ್ತು. ಆನ್‌ಲೈನ್ ಅಂಗಡಿಯವರು ಬದಲಿಸಿ ಕೊಟ್ಟರು. ಪಾರ್ಸೆಲ್ ಬಂದ ದಿನವೇ ಬಿಚ್ಚಿ ನೋಡಿ.

ಐದನೆಯ ಹಂತ ದಾಟಿದ ಮೇಲೆ ಬೇರೆ ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ. ಆ ಕಾಲದ ಬೇಸಿಕ್ ರೂಲ್ಸ್ ಉಚಿತವಾಗಿಯೇ ಸಿಗುತ್ತಿತ್ತು. ಯೋಧ, ಕಳ್ಳ, ಪೂಜಾರಿ, ಮಾಂತ್ರಿಕ ಈ ನಾಲ್ಕು ವರ್ಗಗಳಿಗೆ ಇಪ್ಪತ್ತನೆಯ ಹಂತದವರೆಗೆ ನಿಯಮ ಅದರಲ್ಲಿದೆ. ಇನ್ನೂ ದೊಡ್ಡ ಅನುಕೂಲ ಆಗಿದ್ದು 2023ರ ಜನವರಿಯಲ್ಲಿ, ಆಟದ ಮೂಲ ನಿಯಮಗಳ ಎಸ್‌ಆರ್‌ಡಿ 5.1 ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಾಗ. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅನುವಾದಿಸಿ ಹಂಚಬಹುದು. ನಾವು ಆ ಬೇಸಿಗೆಯಿಡೀ ಕೂತು ನಾಲ್ಕು ಪುಟದ ಕನ್ನಡ ಹಾಳೆ ಮಾಡಿಕೊಂಡೆವು. ಆರು ಗುಣಗಳಿಗೆ ಕಸುವು, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಕೊನೆಯದರ ಮೇಲೆ ಒಂದು ಸಂಜೆಯಿಡೀ ವಾದ ನಡೆಯಿತು. ಕಾಳಗದಲ್ಲಿ ಯಾರ ಸರದಿ ಯಾವಾಗ ಎಂದು ಗೊತ್ತುಮಾಡುವ ಇನಿಶಿಯೇಟಿವ್‌ಗೆ ಪಾಳಿ ಅನ್ನುವ ಶಬ್ದ ಬ್ಯಾಂಕಿನವನದು, ಇಡೀ ಹಾಳೆಯಲ್ಲಿ ಅದಕ್ಕಿಂತ ಚೆನ್ನಾಗಿ ಕೂತ ಮಾತು ಇಲ್ಲ. "ಪಾಳಿ ಯಾರ್ದು?" ಅಂದರೆ ನಲ್ಲಿ ಮುಂದೆ ಕೊಡ ಇಟ್ಟವರಿಗೂ ತಿಳಿಯುತ್ತದೆ. ಕಳೆದ ವರ್ಷ ಶಿಕ್ಷಕಿಯ ಅಣ್ಣನ ಮಗಳು, ಒಂಬತ್ತನೆಯ ಇಯತ್ತೆಯವಳು, ಆ ಹಾಳೆ ಒಂದನ್ನೇ ಓದಿ ಬಂದು ಆಡಿದಳು. ಇಂಗ್ಲಿಷ್ ಪುಸ್ತಕ ಅವಳು ಇನ್ನೂ ಮುಟ್ಟಿಲ್ಲ.

ಈಗ ಆಡುತ್ತಿರುವ ಕಥೆ ನಮ್ಮದೇ. ವಿಜಯಪುರದ ನೆಲದಡಿಯಲ್ಲಿ ಆದಿಲ್‌ಶಾಹಿ ಕಾಲದ ನೀರಿನ ಸುರಂಗಗಳಿವೆ, ತೊರವಿ ಕಡೆಯಿಂದ ಊರಿಗೆ ನೀರು ತಂದವು, ಅಲ್ಲಲ್ಲಿ ಗಾಳಿ ಬೆಳಕಿಗೆ ನೇರವಾಗಿ ಮೇಲಕ್ಕೆ ತೆರೆದ ಬಾವಿಬಾಯಿಗಳು. ಡಂಜನ್ ಎಂದರೆ ಇದೇ ಅಲ್ಲವೇ ಎಂದು ಸುರಂಗ ಬಾವಡಿ ನೋಡಿದ ದಿನ ಅನ್ನಿಸಿತು. ಡಬ್ಬಿಯ ಗಣಿಯ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡೇ ಅದನ್ನು ಬರೆದೆ. ಒಂದು ಕೋಣೆಗೆ ಎರಡು ದಾರಿ ಬೇಕು, ಕೇಳಿದ ಸದ್ದಿಗೆ ಪಕ್ಕದ ಕೋಣೆಯವರು ಎದ್ದು ಬರಬೇಕು ಅನ್ನುವುದನ್ನೆಲ್ಲ ಕಲಿತದ್ದು ಆ 64 ಪುಟದಿಂದ. ಎರಡು ಮಾತು ಮಾತ್ರ ಮೊದಲೇ ಗಟ್ಟಿ ಮಾಡಿಕೊಂಡೆವು: ನಿಜವಾದ ಅರಸರ ಹೆಸರು ತರುವುದಿಲ್ಲ, ಯಾರ ಗೋರಿಯನ್ನೂ ಲೂಟಿಯ ಕೋಣೆ ಮಾಡುವುದಿಲ್ಲ. ಇಬ್ರಾಹಿಂ ರೋಜಾದ ಮುಂದೆ ದಿನವೂ ಓಡಾಡುವವರು ನಾವು.

ಈ 2014ರ ಡಬ್ಬಿ ಈಗ ಅಚ್ಚಾಗುತ್ತಿಲ್ಲ, ಹೊಸ ಸ್ಟಾರ್ಟರ್ ಸೆಟ್‌ಗಳು ಬಂದಿವೆ. ಯಾರ ಹತ್ತಿರವಾದರೂ ಹಳೆಯದು ಸಿಕ್ಕರೆ ಐದು ಹಾಳೆ, ಆರು ದಾಳ ಎಣಿಸಿ ತೆಗೆದುಕೊಳ್ಳಿ. ನಮ್ಮ ಇಪ್ಪತ್ತರ ದಾಳದ ಅಂಕಿಗಳ ಬಣ್ಣ ಎರಡನೆಯ ವರ್ಷಕ್ಕೇ ಹೋಯಿತು. ಮೇಣದ ಬಳಪ ತಿಕ್ಕಿ, ಬಟ್ಟೆಯಿಂದ ಒರೆಸಿದರೆ ಗೆರೆಯೊಳಗೆ ಬಣ್ಣ ಉಳಿಯುತ್ತದೆ. ಪ್ರತಿ ಯುಗಾದಿಗೆ ಒಮ್ಮೆ ಹಾಗೆ ಮಾಡುತ್ತೇವೆ. ಬಳಪ ಈಗ ಆ ಹುಡುಗಿ ತರುತ್ತಾಳೆ.